ಶಮಥ ಧ್ಯಾನ ಕಲಿಯುವ ಕ್ರಮ: ಕೂರುವುದರಿಂದ ಮನಸ್ಸು ನಿಲ್ಲುವವರೆಗೆ

ಶಮಥ ಎಂದರೆ ಮನಸ್ಸನ್ನು ಒಂದೇ ವಿಷಯದ ಮೇಲೆ ನೆಲೆಗೊಳಿಸಿ ಶಾಂತವಾಗಿಸುವ ಬೌದ್ಧ ಧ್ಯಾನ. ಅದನ್ನು ಶುರುಮಾಡಿದವರಲ್ಲಿ ಬಹಳಷ್ಟು ಮಂದಿ ಎಡವುವುದು ಎರಡೇ ಜಾಗದಲ್ಲಿ. ಕೆಲವರು ಮೊದಲ ದಿನವೇ ಮುಕ್ಕಾಲು ಗಂಟೆ ಕೂತು, ಯೋಚನೆಗಳ ಜೊತೆ ಗುದ್ದಾಡಿ, ವಾರದೊಳಗೆ ‘ನನ್ನ ಮನಸ್ಸು ಇದಕ್ಕೆ ಬಗ್ಗುವಂಥದ್ದಲ್ಲ’ ಎಂದು ಎದ್ದುಬಿಡುತ್ತಾರೆ. ಇನ್ನು ಕೆಲವರ ಪಾಡು ಇದಕ್ಕಿಂತ ಕಷ್ಟದ್ದು. ಅವರಿಗೆ ಕೂತರೆ ಹಿತವಾಗುತ್ತದೆ, ತಿಂಗಳುಗಟ್ಟಲೆ ಬಿಡದೆ ಕೂರುತ್ತಾರೆ. ಆದರೆ ಆ ಹಿತ ಅರೆನಿದ್ದೆಯದು. ಎದ್ದಮೇಲೆ ಸಿಟ್ಟು, ಮರೆವು, ಗಾಬರಿ ಎಲ್ಲ ಮೊದಲಿದ್ದ ಹಾಗೇ ಇರುತ್ತವೆ. ಮೊದಲನೆಯವರು ಹಂತ ಹಾರಿದ್ದಾರೆ, ಎರಡನೆಯವರು ಒಂದು ಹಂತದಲ್ಲಿ ಸಿಕ್ಕಿಕೊಂಡಿರುವುದು ಅವರಿಗೇ ಗೊತ್ತಾಗಿಲ್ಲ. ಈ ಎರಡು ತೊಡಕುಗಳನ್ನು ದಾಟುವಂತೆ ಅಭ್ಯಾಸದ ಕ್ರಮವನ್ನು ಇಲ್ಲಿ ಕೊಟ್ಟಿದೆ.

ಕೆಲಸಕ್ಕೆ ಬೇಕಾದ ಒಳಗಿನ ಸಲಕರಣೆ ಎರಡು. ಹಿಡಿದ ವಿಷಯವನ್ನು ಮರೆಯದೆ ಇರುವುದು ಸ್ಮೃತಿ. ಈಗ ಮನಸ್ಸು ಯಾವ ಸ್ಥಿತಿಯಲ್ಲಿದೆ ಎಂದು ಆಗಾಗ ನೋಡಿಕೊಳ್ಳುವುದು ಸಂಪ್ರಜನ್ಯ. ಮನಸ್ಸು ಹಿಡಿದುಕೊಳ್ಳುವ ವಿಷಯಕ್ಕೆ ಆಲಂಬನ ಎನ್ನುತ್ತಾರೆ. ಇಲ್ಲಿ ನಮ್ಮ ಆಲಂಬನ ಉಸಿರು. ಯೋಚನೆ ನಿಲ್ಲಿಸುವುದು ಈ ಅಭ್ಯಾಸದ ಯಾವ ಹಂತದಲ್ಲೂ ನಿಮ್ಮ ಕೆಲಸವಲ್ಲ. ಅದನ್ನು ಗುರಿಯಾಗಿಟ್ಟುಕೊಂಡರೆ ಸೋಲು ಖಚಿತ.

## ಕೂರುವ ಮುನ್ನ

ಹೊತ್ತು. ಮೊದಲ ಎರಡು ವಾರ ಒಂದು ಸಲಕ್ಕೆ 10 ನಿಮಿಷ ಸಾಕು, ದಿನಕ್ಕೆ ಎರಡು ಸಲ. ಮೂರು ಸಲ ಆದರೆ ಇನ್ನೂ ಒಳ್ಳೆಯದು. 40 ನಿಮಿಷದ ಒಂದು ಬೈಠಕ್‌ಗಿಂತ 10 ನಿಮಿಷದ ಮೂರು ಬೈಠಕ್ ಹೆಚ್ಚು ಕಲಿಸುತ್ತದೆ. ಉದ್ದ ಕೂತಾಗ ಕೊನೆಯ ಅರ್ಧಗಂಟೆ ನೀವು ಅಭ್ಯಾಸ ಮಾಡುವುದು ಬರೀ ಅಲೆಯುವುದನ್ನು. ಮನಸ್ಸು ಇನ್ನೂ ತಿಳಿಯಾಗಿರುವಾಗಲೇ ಏಳುವುದು ರೂಢಿಯಾದರೆ ಮರುದಿನ ಕೂರಲು ಬೇಸರ ಬರುವುದಿಲ್ಲ.

ಬೆಳಗ್ಗೆ ಎದ್ದು ಮುಖ ತೊಳೆದು, ಫೋನ್ ಮುಟ್ಟುವ ಮುಂಚೆ ಕೂರುವುದು ಒಳ್ಳೆಯದು. ಊಟವಾಗಿ ಕನಿಷ್ಠ ಎರಡು ಗಂಟೆ ಕಳೆದಿರಲಿ. ಮುದ್ದೆಯೋ ಅನ್ನವೋ ಹೊಟ್ಟೆತುಂಬ ಉಂಡು ಕೂತರೆ ತೂಕಡಿಕೆ ಬಿಟ್ಟು ಬೇರೇನೂ ಆಗುವುದಿಲ್ಲ. ಗಟ್ಟಿ ಕಾಫಿ ಕುಡಿದ ತಕ್ಷಣ ಕೂತರೆ ಇದರ ತದ್ವಿರುದ್ಧ, ಮನಸ್ಸು ಚೆದರುತ್ತದೆ. ಕಾಫಿ ಬಿಡಬೇಕಿಲ್ಲ, ಧ್ಯಾನದ ನಂತರಕ್ಕೆ ಇಟ್ಟುಕೊಳ್ಳಿ.

ಜಾಗ ಮತ್ತು ಸಾಮಾನು. ಗಾಳಿಯಾಡುವ ಮೂಲೆ, ದಿನವೂ ಅದೇ ಜಾಗ. ಕೆಳಗೆ ಹಾಸಲು ಜಮಖಾನ ಅಥವಾ ಮಡಿಸಿದ ಕಂಬಳಿ, ಅದರ ಮೇಲೆ 4ರಿಂದ 6 ಇಂಚು ಎತ್ತರದ ಗಟ್ಟಿ ದಿಂಬು. ಉತ್ತರ ಕರ್ನಾಟಕದ ಮನೆಗಳಲ್ಲಿ ಸಿಗುವ ಕೌದಿಯನ್ನು ನಾಲ್ಕಾರು ಮಡಿಕೆ ಮಾಡಿದರೆ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಮೆತ್ತನೆಯ ಹತ್ತಿ ದಿಂಬು ಐದು ನಿಮಿಷಕ್ಕೆ ಕುಸಿದು ಸೊಂಟ ಬಗ್ಗಿಸುತ್ತದೆ, ಬೇಡ. ಬರೀ ಮಣೆಯೂ ಬೇಡ, ಕಾಲು ಬೇಗ ಜೋಮು ಹಿಡಿಯುತ್ತದೆ.

ಸಮಯ ತಿಳಿಸಲು ಮೆಲುದನಿಯ ಅಲಾರಂ ಬೇಕು. ಫೋನ್ ಬಳಸುವುದಾದರೆ ಏರೋಪ್ಲೇನ್ ಮೋಡ್‌ಗೆ ಹಾಕಿ, ಬೆನ್ನ ಹಿಂದೆ ಇಡಿ. ಅಲಾರಂ ಇಲ್ಲದೆ ಕೂರುವವರ ಮನಸ್ಸು ಅರ್ಧ ಹೊತ್ತು ‘ಎಷ್ಟಾಯಿತು’ ಎಂಬ ಲೆಕ್ಕದಲ್ಲೇ ಇರುತ್ತದೆ.

## ಹಂತ 1: ಮೈಯನ್ನು ಕೂರಿಸುವುದು

ಪದ್ಮಾಸನ ಕಡ್ಡಾಯವೇನಲ್ಲ. ಸಾದಾ ಚಕ್ಕಳಮಕ್ಕಳ ಹಾಕಿದರೆ ಸಾಕು, ಒಂದೇ ಷರತ್ತು: ಮಂಡಿಗಳು ಸೊಂಟಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಿರಬೇಕು. ತಾಗದಿದ್ದರೆ ಆ ಮಂಡಿಯ ಕೆಳಗೆ ಟವೆಲ್ ಮಡಿಸಿಡಿ. ಮಂಡಿ ಗಾಳಿಯಲ್ಲಿ ತೇಲುತ್ತಿದ್ದರೆ ಬೆನ್ನಿನ ಸ್ನಾಯುಗಳೇ ಇಡೀ ಮೈಯನ್ನು ಹೊರಬೇಕಾಗುತ್ತದೆ, ಹತ್ತು ನಿಮಿಷಕ್ಕೆ ನಡುಬೆನ್ನು ಹಿಡಿದುಕೊಳ್ಳುತ್ತದೆ.

ನೆಲದ ಮೇಲೆ ಕೂರಲಾಗದವರಿಗೆ ಕುರ್ಚಿ ಸಂಪೂರ್ಣ ಸರಿ. ಪ್ಲಾಸ್ಟಿಕ್ ಕುರ್ಚಿಗಳ ಕೂರುವ ಭಾಗ ಹಿಂದಕ್ಕೆ ಇಳಿಜಾರಾಗಿರುತ್ತದೆ. ಹಿಂಬದಿಗೆ ಮಡಿಸಿದ ಟವೆಲ್ ಹಾಕಿ ಸಮ ಮಾಡಿಕೊಳ್ಳಿ, ಬೆನ್ನು ಒರಗಿಸಬೇಡಿ, ಅಂಗಾಲು ಪೂರ್ತಿ ನೆಲ ಮುಟ್ಟಲಿ.

ಇನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಸರಿಮಾಡಿಕೊಳ್ಳಿ. ಮೂಗು ಹೊಕ್ಕುಳ ನೇರಕ್ಕಿರಲಿ. ಗಲ್ಲ ಒಂದೆಳೆಯಷ್ಟು ಒಳಕ್ಕೆ, ಅದಕ್ಕಿಂತ ಹೆಚ್ಚಲ್ಲ. ಹಲ್ಲುಗಳು ಸಹಜವಾಗಿ, ನಾಲಗೆಯ ತುದಿ ಮೇಲಿನ ಹಲ್ಲುಗಳ ಬುಡಕ್ಕೆ ತಾಗಿದಂತೆ. ಹೀಗಿಟ್ಟರೆ ಬಾಯಲ್ಲಿ ನೀರು ತುಂಬುವುದು ಕಡಿಮೆ. ಹೆಗಲು ಸಮ. ಎಡ ಅಂಗೈ ಮೇಲೆ ಬಲ ಅಂಗೈ, ಎರಡೂ ಹೊಕ್ಕುಳಿನ ಕೆಳಗೆ ತೊಡೆಯ ಮೇಲೆ. ಕಣ್ಣು ಅರೆತೆರೆದು ಮೂಗಿನ ತುದಿಯ ದಿಕ್ಕಿಗೆ ಕೆಳಗೆ ಇಳಿದಿರುವುದು ಟಿಬೆಟನ್ ಪದ್ಧತಿ. ಶ್ರೀಲಂಕಾ, ಬರ್ಮಾ, ಥಾಯ್ಲೆಂಡ್ ಕಡೆಯ ಬೌದ್ಧ ಪಂಥವಾದ ಥೇರವಾದದ ಗುರುಗಳು ಸಾಮಾನ್ಯವಾಗಿ ಮುಚ್ಚಲು ಹೇಳುತ್ತಾರೆ. ತೂಕಡಿಕೆಯವರು ಅರೆತೆರೆಯಲಿ, ಚಂಚಲರು ಮುಚ್ಚಲಿ.

ಜೋಮು ಹಿಡಿಯುವುದು ನರದ ಮೇಲೆ ಒತ್ತಡ ಬಿದ್ದಾಗ. ಅದು ಸಹನೆಯ ಪರೀಕ್ಷೆಯಲ್ಲ. ದಿಂಬಿನ ತುದಿಗೆ ಸರಿದು ಕೂತರೆ ತೊಡೆಯ ಅಡಿಯ ಒತ್ತಡ ಇಳಿಯುತ್ತದೆ. ಜೋಮು ಹಿಡಿದ ಕಾಲಿನ ಮೇಲೆ ತಕ್ಷಣ ಎದ್ದು ನಿಲ್ಲಬೇಡಿ, ಪಾದ ಹೊರಳಿ ಬೀಳುವ ಅಪಾಯವಿದೆ. ಮಂಡಿಯೊಳಗೆ ಚುಚ್ಚುವ ನೋವು ಬಂದರೆ ಆ ಕ್ಷಣವೇ ಕಾಲು ಬಿಚ್ಚಿ.

## ಹಂತ 2: ಉಸಿರು ತಾಗುವ ಜಾಗ ಹುಡುಕುವುದು

ಮೂರು ಸಲ ನಿಧಾನವಾಗಿ, ಉದ್ದವಾಗಿ ಉಸಿರು ಬಿಡಿ. ಬಿಡುವಾಗ ಹೆಗಲು, ದವಡೆ, ಹೊಟ್ಟೆ ಸಡಿಲವಾಗಲಿ. ನೀವು ಬೇಕೆಂದು ಮಾಡುವ ಉಸಿರಾಟ ಇಷ್ಟೇ. ಇಲ್ಲಿಂದ ಮುಂದೆ ಉಸಿರು ತನ್ನ ಪಾಡಿಗೆ ತಾನು ಓಡಾಡಬೇಕು.

ಪ್ರಾಣಾಯಾಮ ಕಲಿತವರು ತಪ್ಪುವುದು ಸರಿಯಾಗಿ ಇಲ್ಲೇ. ಕೈ ಪಳಗಿರುವುದರಿಂದ ಗೊತ್ತಿಲ್ಲದೆ ಉಜ್ಜಾಯಿ (ಗಂಟಲು ತುಸು ಬಿಗಿದು ಸದ್ದಿನೊಡನೆ ಉಸಿರಾಡುವುದು) ಶುರುವಾಗುತ್ತದೆ, ಇಲ್ಲವೇ ಒಳಗೆಳೆದ ಉಸಿರನ್ನು ಒಂದು ಕ್ಷಣ ಹಿಡಿಯುತ್ತಾರೆ. ಶಮಥದಲ್ಲಿ ಪೂರಕ, ಕುಂಭಕ, ರೇಚಕಗಳ, ಅಂದರೆ ಉಸಿರು ಎಳೆಯುವ, ಹಿಡಿಯುವ, ಬಿಡುವ ಲೆಕ್ಕವಿಲ್ಲ. ಉಸಿರು ಉದ್ದವಿದ್ದರೆ ಉದ್ದವೆಂದು ತಿಳಿ, ಗಿಡ್ಡವಿದ್ದರೆ ಗಿಡ್ಡವೆಂದು ತಿಳಿ ಎಂಬುದು ಬುದ್ಧ ಉಸಿರಿನ ಧ್ಯಾನವನ್ನು ಕಲಿಸುವ ಆನಾಪಾನಸತಿ ಸೂತ್ರದ ಮೊದಲ ಸೂಚನೆ. ಉದ್ದ ಮಾಡು ಎಂದು ಅಲ್ಲಿಲ್ಲ. ಪ್ರಾಣಾಯಾಮ ಮಾಡುವ ಅಭ್ಯಾಸವಿದ್ದರೆ ಅದನ್ನು ಮುಗಿಸಿ, ಐದು ನಿಮಿಷ ಬಿಟ್ಟು ಇದಕ್ಕೆ ಕೂರಿ. ‘ಸೋಽಹಂ’ ಅಥವಾ ನಾಮಜಪವನ್ನು ಉಸಿರಿಗೆ ಕಟ್ಟುವವರೂ ಅದನ್ನು ಪ್ರತ್ಯೇಕವಾಗಿ ಮಾಡಿಕೊಳ್ಳಲಿ. ಎರಡು ಆಲಂಬನ ಒಟ್ಟಿಗೆ ಇದ್ದರೆ ಮನಸ್ಸು ಸುಲಭದ್ದನ್ನು ಹಿಡಿದು ಇನ್ನೊಂದನ್ನು ಕೈಬಿಡುತ್ತದೆ.

ಈಗ ಜಾಗ ಹುಡುಕಿ. ಮೂಗಿನ ಹೊಳ್ಳೆಗಳ ಅಂಚಿನಲ್ಲೋ ಮೇಲ್ತುಟಿಯ ಮೇಲೋ ಗಾಳಿ ತಾಗುತ್ತದೆ. ಉದ್ದ ಮೂಗಿನವರಿಗೆ ಹೊಳ್ಳೆಯಲ್ಲಿ, ಗಿಡ್ಡ ಮೂಗಿನವರಿಗೆ ಮೇಲ್ತುಟಿಯಲ್ಲಿ ಹೆಚ್ಚು ಸ್ಪಷ್ಟ ಎನ್ನುತ್ತಾನೆ ‘ವಿಸುದ್ಧಿಮಗ್ಗ’ ಎಂಬ ಪಾಳಿ ಗ್ರಂಥ ಬರೆದ ಬುದ್ಧಘೋಷ. ಒಳಕ್ಕೆ ಹೋಗುವಾಗ ತುಸು ತಂಪು, ಹೊರಗೆ ಬರುವಾಗ ತುಸು ಬೆಚ್ಚಗೆ. ಆ ಗುರುತು ಸಿಕ್ಕ ಜಾಗವನ್ನೇ ಇಟ್ಟುಕೊಳ್ಳಿ, ದಿನಕ್ಕೊಂದು ಜಾಗ ಬದಲಿಸಬೇಡಿ.

ನೆಗಡಿಯಾದಾಗ ಅಥವಾ ಮೂಗಿಗೆ ಗಮನ ಕೊಟ್ಟರೆ ಹಣೆ ಬಿಗಿಯುವವರಿಗೆ ಹೊಟ್ಟೆಯ ಏರಿಳಿತ ಪರ್ಯಾಯ. ಆಸ್ತಮಾದಂಥ ತೊಂದರೆಯಿಂದ ಉಸಿರು ನೋಡಿದೊಡನೆ ಗಾಬರಿಯಾಗುವವರಿಗೆ ಬುದ್ಧನ ಬಿಂಬ ಒಳ್ಳೆಯ ಆಲಂಬನ, ಟಿಬೆಟನ್ ಗೆಲುಗ್ ಪರಂಪರೆಯಲ್ಲಿ ಇದೇ ಹೆಚ್ಚು ಬಳಕೆಯಲ್ಲಿದೆ. ಒಂದು ಒಳ್ಳೆಯ ಮೂರ್ತಿಯನ್ನೋ ಚಿತ್ರವನ್ನೋ ಕೆಲವು ದಿನ ಚೆನ್ನಾಗಿ ನೋಡಿ, ನಂತರ ಅದು ಎದುರಿಗೆ, ಹುಬ್ಬಿನ ಮಟ್ಟದಲ್ಲಿ, ಹೆಬ್ಬೆರಳಿನ ಗಾತ್ರದಲ್ಲಿ ಇದೆ ಎಂದು ಮನಸ್ಸಿನಲ್ಲೇ ಕಾಣಬೇಕು. ಮೊದಮೊದಲು ಮಸುಕಾದ ಹೊಂಬಣ್ಣ ಕಂಡರೂ ಸಾಕು, ಅದನ್ನೇ ಹಿಡಿಯಿರಿ. ಆಲಂಬನ ಯಾವುದಾದರೂ ಮುಂದಿನ ಹಂತಗಳ ದೋಷಗಳೂ ಪರಿಹಾರಗಳೂ ಒಂದೇ. ಎಣಿಕೆ ಮಾತ್ರ ಉಸಿರಿಗೆ ಸೇರಿದ್ದು.

## ಹಂತ 3: ಎಣಿಕೆ

ಒಂದು ಉಚ್ಛ್ವಾಸ, ಒಂದು ನಿಶ್ವಾಸ ಸೇರಿ ಒಂದು. ಉಸಿರು ಹೊರಗೆ ಹೋಗಿ ಮುಗಿಯುವಾಗ ಮನಸ್ಸಿನಲ್ಲಿ ‘ಒಂದು’ ಎನ್ನಿ. ಹತ್ತರವರೆಗೆ ಹೋಗಿ ಮತ್ತೆ ಒಂದರಿಂದ. ಐದಕ್ಕಿಂತ ಕಡಿಮೆಗೆ ನಿಲ್ಲಿಸಬಾರದು, ಹತ್ತನ್ನು ದಾಟಬಾರದು ಎಂಬುದು ವಿಸುದ್ಧಿಮಗ್ಗದ ಕಟ್ಟಳೆ. ಕಡಿಮೆಯಾದರೆ ಇಕ್ಕಟ್ಟಿನಲ್ಲಿ ಮನಸ್ಸು ಒದ್ದಾಡುತ್ತದೆ, ಹೆಚ್ಚಾದರೆ ಉಸಿರನ್ನು ಬಿಟ್ಟು ಸಂಖ್ಯೆಗೇ ಜೋತುಬೀಳುತ್ತದೆ. ಕೂತು ನೋಡಿದವರಿಗೆ ಇದು ಎಷ್ಟು ನಿಜವೆಂದು ತಾನಾಗಿ ತಿಳಿಯುತ್ತದೆ.

ಎಣಿಕೆ ತಪ್ಪುವುದು ಎರಡು ಬಗೆ. ಒಂದು, ನಾಲ್ಕೋ ಐದೋ ಎಂದು ಮರೆತುಹೋಗುವುದು. ಇದು ಬೇಗ ಗೊತ್ತಾಗುತ್ತದೆ. ಇನ್ನೊಂದು, ಎಣಿಕೆ ತನ್ನಷ್ಟಕ್ಕೆ ನಡೆಯುತ್ತಿರುತ್ತದೆ, ಮನಸ್ಸು ಆಫೀಸಿನ ಮೀಟಿಂಗ್‌ನಲ್ಲಿರುತ್ತದೆ. 13, 14 ಎಂದು ಎಣಿಸುತ್ತಿರುವುದು ಗಮನಕ್ಕೆ ಬಂದರೆ ಇದೇ ನಡೆದಿದೆ ಎಂದರ್ಥ. ಪರೀಕ್ಷೆ ಸುಲಭ: ಈಗಷ್ಟೇ ಮುಗಿದ ಉಸಿರು ಹಿಂದಿನದಕ್ಕಿಂತ ಉದ್ದವಿತ್ತೇ, ಗಿಡ್ಡವಿತ್ತೇ? ಉತ್ತರ ಇಲ್ಲದಿದ್ದರೆ ನೀವು ಎಣಿಸಿದ್ದು ಸಂಖ್ಯೆಯನ್ನು ಮಾತ್ರ.

ತಪ್ಪಿದ್ದು ತಿಳಿದ ಕ್ಷಣ ಮಾಡಬೇಕಾದ್ದು ಇಷ್ಟೇ. ‘ಹೋಗಿತ್ತು’ ಎಂದು ಗುರುತಿಸಿ, ಯೋಚನೆಯನ್ನು ಅರ್ಧಕ್ಕೇ ಬಿಡಿ, ಮುಂದಿನ ಹೊರಉಸಿರಿನಿಂದ ‘ಒಂದು’ ಎನ್ನಿ. ಯೋಚನೆ ಎಲ್ಲಿಂದ ಬಂತು ಎಂದು ಹುಡುಕಬೇಡಿ, ವಾಕ್ಯ ಪೂರ್ತಿ ಮಾಡಬೇಡಿ, ನಿಮ್ಮನ್ನು ಬೈದುಕೊಳ್ಳಬೇಡಿ. ಬೈದುಕೊಳ್ಳುವುದು ಇನ್ನೊಂದು ಯೋಚನೆ. ಅಲೆದದ್ದು ಗೊತ್ತಾದ ಆ ಗಳಿಗೆಯಲ್ಲಿ ಕೆಲಸ ಮಾಡಿದ್ದು ಸಂಪ್ರಜನ್ಯ, ಅಂದರೆ ನೀವು ಬೆಳೆಸಬೇಕೆಂದಿರುವ ಗುಣವೇ. ಹತ್ತು ನಿಮಿಷದಲ್ಲಿ ಮೂವತ್ತು ಸಲ ಅಲೆದು ಮೂವತ್ತು ಸಲ ಮರಳಿದವರ ಬೈಠಕ್ ಚೆನ್ನಾಗಿಯೇ ನಡೆದಿದೆ.

ಮೊದಲ ವಾರ ‘ಯೋಚನೆ ಹೆಚ್ಚಾಗಿದೆ’ ಎಂದು ಎಲ್ಲರಿಗೂ ಅನ್ನಿಸುತ್ತದೆ. ಹೆಚ್ಚಾಗಿರುವುದಿಲ್ಲ, ಈವರೆಗೆ ಕಾಣದೇ ಇದ್ದದ್ದು ಕಾಣುತ್ತಿದೆ. ಬಿಡುವವರಲ್ಲಿ ಹೆಚ್ಚಿನವರು ಬಿಡುವುದು ಈ ವಾರದಲ್ಲೇ, ಆದ್ದರಿಂದ ಇದನ್ನು ಮೊದಲೇ ತಿಳಿದಿರಬೇಕು.

## ಹಂತ 4: ಎಣಿಕೆ ಬಿಡುವುದು

ಹತ್ತರ ಹತ್ತು ಸುತ್ತು, ಅಂದರೆ ಸುಮಾರು ಏಳೆಂಟು ನಿಮಿಷ, ಒಂದೋ ಎರಡೋ ಸಲ ಮಾತ್ರ ತಪ್ಪಿ ಮುಗಿಯುತ್ತಿದೆ, ವಾರದಲ್ಲಿ ನಾಲ್ಕೈದು ದಿನ ಹೀಗಾಗುತ್ತಿದೆ ಎಂದಾಗ ಎಣಿಕೆ ಬಿಡಬಹುದು. ಅದಕ್ಕೆ ಮುಂಚೆ ಬೇಡ. ಬೈಠಕ್ ಅನ್ನು 15 ನಿಮಿಷಕ್ಕೆ, ಆಮೇಲೆ 20ಕ್ಕೆ ಏರಿಸುವುದೂ ಈಗಲೇ. ಮೊದಲ ಮೂರು ಸುತ್ತು ಎಣಿಸಿ, ಮುಂದೆ ಎಣಿಕೆ ಇಲ್ಲದೆ ಕೂರಿ. ಚೆದರಿದರೆ ಮತ್ತೆ ಎರಡು ಸುತ್ತು ಎಣಿಸಲು ಸಂಕೋಚ ಬೇಡ.

ಎಣಿಕೆ ಬಿಟ್ಟವರು ಉಸಿರಿನ ಹಿಂದೆಯೇ ಮೂಗಿನಿಂದ ಎದೆಗೆ, ಎದೆಯಿಂದ ಹೊಕ್ಕುಳಿಗೆ, ಮತ್ತೆ ಹೊರಗೆ ಓಡುತ್ತಾರೆ. ಇದರಿಂದ ಮನಸ್ಸು ಒಳಗೂ ಹೊರಗೂ ಚೆದರುತ್ತದೆ. ಮರ ಕೊಯ್ಯುವವನ ಕಣ್ಣು ಗರಗಸದ ಹಲ್ಲು ಮರಕ್ಕೆ ತಾಗುವ ಜಾಗದಲ್ಲೇ ಇರುತ್ತದೆ, ಬಂದು ಹೋಗುವ ಹಲ್ಲುಗಳ ಹಿಂದೆ ಓಡುವುದಿಲ್ಲ, ಆದರೂ ಅವು ಬಂದದ್ದು ಹೋದದ್ದು ಅವನಿಗೆ ತಿಳಿದಿರುತ್ತದೆ. ಪಾಳಿ ಗ್ರಂಥಗಳು ಕೊಡುವ ಈ ಉಪಮೆಯೇ ಇಲ್ಲಿನ ಪೂರ್ತಿ ಸೂಚನೆ. ತಾಗುವ ಜಾಗದಲ್ಲಿ ನಿಲ್ಲಿ. ಅಲ್ಲೇ ಉಸಿರಿನ ಆರಂಭ, ನಡು, ಕೊನೆ ತಿಳಿಯಲಿ.

ಕೆಲವು ವಾರಗಳಲ್ಲಿ ಉಸಿರು ತೆಳುವಾಗುತ್ತಾ ಬಂದು ಒಂದು ದಿನ ಇಲ್ಲವೇ ಇಲ್ಲ ಎನ್ನಿಸಬಹುದು. ಗಾಬರಿಯಿಂದ ದೀರ್ಘವಾಗಿ ಎಳೆದುಕೊಂಡರೆ ಅಷ್ಟು ಹೊತ್ತಿನ ನೆಲೆ ಕೆಡುತ್ತದೆ. ಇದಕ್ಕೂ ಬುದ್ಧಘೋಷ ಉತ್ತರ ಕೊಟ್ಟಿದ್ದಾನೆ: ಉಸಿರಿಲ್ಲದಿರುವುದು ತಾಯಿಯ ಗರ್ಭದಲ್ಲಿರುವವರಿಗೆ, ನೀರಲ್ಲಿ ಮುಳುಗಿದವರಿಗೆ, ಎಚ್ಚರ ತಪ್ಪಿದವರಿಗೆ, ಸತ್ತವರಿಗೆ, ಅತಿ ಆಳದ ಧ್ಯಾನಸಮಾಧಿಯಲ್ಲಿರುವವರಿಗೆ. ನೀವು ಇವರಾರೂ ಅಲ್ಲ, ಹಾಗಾಗಿ ಉಸಿರು ಇದೆ, ಗಮನ ಮೊಂಡಾಗಿದೆ. ಮೊದಲು ತಾಗುತ್ತಿದ್ದ ಜಾಗಕ್ಕೇ ಮನಸ್ಸಿಟ್ಟು ಕಾಯಿರಿ, ಒಂದೆರಡು ನಿಮಿಷದಲ್ಲಿ ಮತ್ತೆ ಸಿಗುತ್ತದೆ. ಬೆಳಕು, ಬಣ್ಣ, ಮೈ ಉಬ್ಬಿದಂತೆ ಅಥವಾ ತೇಲಿದಂತೆ ಅನಿಸುವುದು ಬಂದರೂ ಇದೇ ಮಾತು. ಅವುಗಳ ಹಿಂದೆ ಹೋಗಬೇಡಿ, ಯಾರಿಗೂ ಹೇಳಿಕೊಂಡು ಸಂಭ್ರಮಿಸಲೂ ಬೇಡಿ. ಮರುದಿನ ಅವುಗಳನ್ನೇ ಕಾಯುತ್ತಾ ಕೂರುವಂತಾಗುತ್ತದೆ.

## ಹಂತ 5: ಲಯವನ್ನೂ ಔದ್ಧತ್ಯವನ್ನೂ ಗುರುತಿಸುವುದು

ಇಡೀ ಅಭ್ಯಾಸದ ಗಂಟು ಇಲ್ಲಿದೆ. ಮನಸ್ಸು ಕುಗ್ಗಿ ಮಂಕಾಗುವುದು ಲಯ, ಉಬ್ಬಿ ಹೊರಗೆ ಹರಿಯುವುದು ಔದ್ಧತ್ಯ. ಎರಡಕ್ಕೂ ಒರಟು ರೂಪವೊಂದು, ಸೂಕ್ಷ್ಮ ರೂಪವೊಂದು ಇದೆ.

ಒರಟು ಲಯ ಸುಲಭವಾಗಿ ಗೊತ್ತಾಗುತ್ತದೆ: ತಲೆ ವಾಲುತ್ತದೆ, ಕನಸಿನ ತುಣುಕು ಬರುತ್ತದೆ, ಉಸಿರು ಮಂಜಿನಲ್ಲಿ ಮರೆಯಾಗುತ್ತದೆ. ಸೂಕ್ಷ್ಮ ಲಯವೇ ಅಪಾಯ. ಅದರಲ್ಲಿ ಉಸಿರು ಕೈಯಲ್ಲೇ ಇರುತ್ತದೆ, ಯೋಚನೆಗಳೂ ಇರುವುದಿಲ್ಲ, ಹಾಯಾಗಿರುತ್ತದೆ. ಇಲ್ಲದಿರುವುದು ಹೊಳಪು. ಇದನ್ನೇ ಸಿದ್ಧಿ ಎಂದುಕೊಂಡು ವರ್ಷಗಟ್ಟಲೆ ಕೂರುವವರಿದ್ದಾರೆ. ಟಿಬೆಟ್‌ನ ಆಚಾರ್ಯ ತ್ಸೊಂಗ್‌ಖಾಪಾ ಇದರ ಬಗ್ಗೆ ಖಡಕ್ಕಾಗಿ ಎಚ್ಚರಿಸಿದ್ದಾನೆ, ಮನಸ್ಸನ್ನು ಸುಮ್ಮನೆ ಸಡಿಲ ಬಿಡುವುದೇ ಧ್ಯಾನ ಎಂಬ ಮಾತನ್ನು ಅವನು ಒಪ್ಪುವುದಿಲ್ಲ.

ಸೂಕ್ಷ್ಮ ಲಯ ಹಿಡಿಯಲು ಮೂರು ಪರೀಕ್ಷೆ ಇಟ್ಟುಕೊಳ್ಳಿ. ಬೈಠಕ್‌ನ ನಡುವೆ, ಈ ಉಸಿರಿನ ಆರಂಭ ಮತ್ತು ಕೊನೆ ಬೇರೆಬೇರೆಯಾಗಿ ಕಾಣುತ್ತಿದೆಯೇ ಎಂದು ನೋಡಿ. ಅಲಾರಂ ಹೊಡೆದಾಗ ಬೆಚ್ಚಿದಿರಾ ಎಂದು ನೋಡಿ, ತಿಳಿಯಾದ ಮನಸ್ಸು ಬೆಚ್ಚುವುದು ಕಡಿಮೆ. ಎದ್ದಮೇಲೆ ಮೊದಲ ಹತ್ತು ನಿಮಿಷ ತಲೆ ಹಗುರವೋ ಭಾರವೋ ಗಮನಿಸಿ. 20 ನಿಮಿಷ ಬೇಗ ಕಳೆದುಹೋಯಿತು ಎಂಬುದು ಮಾತ್ರ ಯಾವ ಸಾಕ್ಷಿಯೂ ಅಲ್ಲ. ಆ ಹೊತ್ತಿನಲ್ಲಿ ಏನಿತ್ತು ಎಂದು ಹೇಳಲು ಬರದಿದ್ದರೆ ಅದು ಲಯವೇ.

ಪರಿಹಾರದ ಕ್ರಮ ಹೀಗೆ. ಮೊದಲು ಕಾರಣ ನೋಡಿ: ನಿದ್ದೆ ಕಡಿಮೆಯಾಗಿದೆಯೇ, ಕೋಣೆ ಸೆಕೆಯೇ, ಗಲ್ಲ ಇಳಿದಿದೆಯೇ. ರಾತ್ರಿ ಐದೇ ಗಂಟೆ ಮಲಗುವವರಿಗೆ ಬೇಕಿರುವುದು ನಿದ್ದೆ. ಕಾರಣ ಸರಿಯಿದ್ದೂ ಮಂಕು ಕವಿದರೆ ಬೆನ್ನು ನೆಟ್ಟಗೆ ಮಾಡಿ, ಕಣ್ಣನ್ನು ತುಸು ಮೇಲೆತ್ತಿ, ಒಳಉಸಿರಿಗೆ ಹೆಚ್ಚು ಗಮನ ಕೊಡಿ. ಸಾಲದಿದ್ದರೆ ಮನಸ್ಸಿಗೆ ಉತ್ಸಾಹ ತರುವ ಒಂದು ವಿಷಯ, ಬುದ್ಧನ ಗುಣಗಳನ್ನೋ ಬೆಳ್ಳನೆಯ ಬೆಳಕನ್ನೋ, ಒಂದು ನಿಮಿಷ ನೆನೆದು ಮತ್ತೆ ಉಸಿರಿಗೆ ಬನ್ನಿ. ತೂಕಡಿಸುತ್ತಿದ್ದ ಶಿಷ್ಯ ಮೊಗ್ಗಲ್ಲಾನನಿಗೆ ಬುದ್ಧ ಹೇಳಿದ ಉಪಾಯಗಳು ಇವತ್ತಿಗೂ ಹಾಗೆಯೇ ಕೆಲಸ ಮಾಡುತ್ತವೆ: ಕಿವಿ ಜಗ್ಗಿ ಕೈಕಾಲು ಉಜ್ಜಿಕೊಳ್ಳುವುದು, ಎದ್ದು ಕಣ್ಣಿಗೆ ನೀರು ಹಾಕಿಕೊಂಡು ಸುತ್ತ ದಿಕ್ಕುಗಳನ್ನೂ ನಕ್ಷತ್ರಗಳನ್ನೂ ನೋಡುವುದು, ಅತ್ತಿಂದಿತ್ತ ನಡೆಯುವುದು. ಯಾವುದಕ್ಕೂ ಬಗ್ಗದಿದ್ದರೆ ಕೊನೆಗೆ ಬಲಮಗ್ಗುಲಾಗಿ ಮಲಗು ಎಂದೇ ಆ ಪಟ್ಟಿ ಮುಗಿಯುತ್ತದೆ.

ಒರಟು ಔದ್ಧತ್ಯದಲ್ಲಿ ಉಸಿರು ಪೂರ್ತಿ ಮರೆತುಹೋಗುತ್ತದೆ. ಸೂಕ್ಷ್ಮವಾದುದರಲ್ಲಿ ಉಸಿರು ಇದ್ದೇ ಇರುತ್ತದೆ, ಅಡಿಯಲ್ಲಿ ಇನ್ನೊಂದು ಪದರ ‘ಮಧ್ಯಾಹ್ನಕ್ಕೆ ಹುಳಿ ಮಾಡಲೋ ಸಾರು ಮಾಡಲೋ’ ಎಂದು ಪಿಸುಗುಡುತ್ತಿರುತ್ತದೆ. ‘ಈಗ ಚೆನ್ನಾಗಿ ನಡೆಯುತ್ತಿದೆ’ ಎಂಬ ಒಳಮಾತೂ ಇದೇ ಜಾತಿಯದು. ಇದಕ್ಕೆ ನೋಟ ಕೆಳಗಿಳಿಸಿ, ಹೊರಉಸಿರಿಗೆ ಗಮನ ಕೊಡಿ, ಹಿಡಿತವನ್ನು ಒಂದು ಪಾಲು ಸಡಿಲಿಸಿ. ಗಮನವನ್ನು ಸ್ವಲ್ಪ ಹೊತ್ತು ಹೊಟ್ಟೆಗೆ ಇಳಿಸುವುದೂ ಆಗುತ್ತದೆ. ಭಾರತದ ಬೌದ್ಧ ಆಚಾರ್ಯ ಕಮಲಶೀಲ ಹೇಳುವ ಪರಿಹಾರ ಅನಿತ್ಯದ ಚಿಂತನೆ: ಯಾವುದರ ಹಿಂದೆ ಮನಸ್ಸು ಓಡುತ್ತಿದೆಯೋ ಅದು ಉಳಿಯುವಂಥದ್ದಲ್ಲ ಎಂದು ಒಂದು ಕ್ಷಣ ನಿಜವಾಗಿ ಯೋಚಿಸುವುದು.

ಒಂದೇ ಯೋಚನೆ ಮತ್ತೆಮತ್ತೆ ಬಂದು ಕಾಡಿದರೆ ಕಾಡುವ ಯೋಚನೆಗಳ ಬಗ್ಗೆ ಬುದ್ಧನ ಉಪದೇಶವಾದ ವಿತಕ್ಕಸಂಠಾನ ಸೂತ್ರದ ಐದು ಉಪಾಯಗಳನ್ನು ಅದೇ ಅನುಕ್ರಮದಲ್ಲಿ ಬಳಸಿ. ಬೇರೊಂದು ಒಳ್ಳೆಯ ವಿಷಯ ತಂದಿಡುವುದು, ಉದಾಹರಣೆಗೆ ಒಬ್ಬರ ಮೇಲಿನ ಸಿಟ್ಟು ಕಾಡುತ್ತಿದ್ದರೆ ಐದು ನಿಮಿಷ ಮೈತ್ರಿ ಭಾವನೆ, ಅಂದರೆ ಅವರಿಗೂ ಒಳ್ಳೆಯದಾಗಲಿ ಎಂದು ಹಾರೈಸುವುದು. ಅದು ಸಾಲದಿದ್ದರೆ ಆ ಯೋಚನೆಯಿಂದಾಗುವ ಕೆಡುಕನ್ನು ನೋಡುವುದು. ಮೂರನೆಯದು ಅದರತ್ತ ಗಮನವೇ ಕೊಡದಿರುವುದು. ನಾಲ್ಕನೆಯದು ಅದನ್ನು ಹುಟ್ಟಿಸುವ ಒಳಗಿನ ಎಳೆತವನ್ನು ಮೆಲ್ಲಗೆ ತಣಿಸುವುದು. ಹಲ್ಲುಕಚ್ಚಿ ಒತ್ತಿಹಿಡಿಯುವುದು ಐದನೆಯದು, ಕಟ್ಟಕಡೆಯದು. ನಮ್ಮಲ್ಲಿ ಹೆಚ್ಚಿನವರು ಈ ಕಡೆಯದರಿಂದಲೇ ಶುರುಮಾಡಿ ತಲೆನೋವು ತಂದುಕೊಳ್ಳುತ್ತಾರೆ.

ಒಂದು ದೋಷ ತಿದ್ದಲು ಹೋಗಿ ಇನ್ನೊಂದಕ್ಕೆ ಬೀಳುವುದು ಸಹಜ. ಮಂಕನ್ನು ಓಡಿಸಲು ಬಿಗಿಮಾಡಿದರೆ ಚೆದರುತ್ತದೆ, ಚೆದರಿದ್ದಕ್ಕೆ ಸಡಿಲಿಸಿದರೆ ಮಂಕಾಗುತ್ತದೆ. ತಿದ್ದುವಿಕೆ ಪ್ರತಿಸಲವೂ ಬೇಕೆನಿಸಿದ್ದರ ಅರ್ಧದಷ್ಟೇ ಇರಲಿ.

## ಹಂತ 6: ತಿದ್ದುವ ಕೈಯನ್ನು ಹಿಂದಕ್ಕೆ ತೆಗೆಯುವುದು

ಪರಂಪರೆ ಹೇಳುವ ಪಂಚದೋಷಗಳಲ್ಲಿ ಮೊದಲ ಮೂರು ಸೋಮಾರಿತನ, ಸೂಚನೆಯನ್ನು ಮರೆಯುವುದು, ಲಯ–ಔದ್ಧತ್ಯ. ನಾಲ್ಕನೆಯದು ದೋಷ ಕಂಡರೂ ತಿದ್ದದಿರುವುದು. ಐದನೆಯದು ಮಾತ್ರ ಇದರ ಮಗ್ಗುಲು ಬದಲಾದದ್ದು: ದೋಷವೇ ಇಲ್ಲದಾಗಲೂ ತಿದ್ದುತ್ತಿರುವುದು. ಇದಕ್ಕೆ ಪರಿಹಾರ ಉಪೇಕ್ಷೆ, ಅಂದರೆ ಕೈಹಾಕದೆ ಸಮಚಿತ್ತದಿಂದ ಇದ್ದಹಾಗೆ ಬಿಡುವುದು. ಮನಸ್ಸು ತಿಳಿಯಾಗಿ, ಸ್ಥಿರವಾಗಿ ನಡೆಯುತ್ತಿದ್ದರೆ ‘ಲಯ ಬಂತೇ, ಔದ್ಧತ್ಯ ಬಂತೇ’ ಎಂದು ಕ್ಷಣಕ್ಷಣಕ್ಕೂ ಕೆದಕಬೇಡಿ. ಹತ್ತು ಹದಿನೈದು ಉಸಿರಿಗೆ ಒಮ್ಮೆ ಓರೆಗಣ್ಣಿನ ನೋಟ ಸಾಕು.

## ಎಲ್ಲಿಗೆ ಬಂದಿದ್ದೇವೆ ಎಂದು ಅಳೆಯುವುದು

ಚಿತ್ತ ನೆಲೆಗೊಳ್ಳುವುದಕ್ಕೆ ಒಂಬತ್ತು ಅವಸ್ಥೆಗಳಿವೆ. ಮೊದಲನೆಯದರಲ್ಲಿ ಮನಸ್ಸು ಆಲಂಬನದ ಮೇಲೆ ಇರುವುದಕ್ಕಿಂತ ಹೊರಗಿರುವುದೇ ಹೆಚ್ಚು. ಎರಡನೆಯದರಲ್ಲಿ ಸ್ವಲ್ಪ ಹೊತ್ತು ಒಂದೇ ಸಮನೆ ನಿಲ್ಲುತ್ತದೆ. ಮೂರನೆಯದರಲ್ಲಿ ತಪ್ಪಿದ ಕೂಡಲೇ ಗೊತ್ತಾಗಿ ತೇಪೆ ಹಾಕಿದಂತೆ ಮರಳುತ್ತದೆ. ನಾಲ್ಕನೆಯದರಲ್ಲಿ ಬೈಠಕ್ ಪೂರ್ತಿ ಆಲಂಬನ ಕೈಬಿಟ್ಟು ಹೋಗುವುದೇ ಇಲ್ಲ, ಲಯ–ಔದ್ಧತ್ಯಗಳು ಮಾತ್ರ ಇರುತ್ತವೆ. ಐದರಿಂದ ಏಳು ಅವುಗಳನ್ನು ಪಳಗಿಸುವ ಕೆಲಸ. ಎಂಟನೆಯದಕ್ಕೆ ಆರಂಭದಲ್ಲಷ್ಟೇ ಪ್ರಯತ್ನ ಬೇಕು, ಒಂಬತ್ತನೆಯದಕ್ಕೆ ಅದೂ ಬೇಡ. ಅದರ ನಂತರ ಮೈ–ಮನಸ್ಸಿನ ಪ್ರಶ್ರಬ್ಧಿ, ಅಂದರೆ ಹೇಳಿದಂತೆ ಕೇಳುವ ಹಗುರತನ, ಮೂಡಿದಾಗಲೇ ಪೂರ್ಣ ಶಮಥ ಎನ್ನುತ್ತಾರೆ.

ನೌಕರಿ, ಮನೆ, ಮಕ್ಕಳ ನಡುವೆ ದಿನಕ್ಕೆ ಅರ್ಧಗಂಟೆ ಕೂರುವವರು ಒಂಬತ್ತನೆಯದನ್ನು ಗುರಿಯಾಗಿಟ್ಟುಕೊಳ್ಳುವುದು ಬೇಡ. ಅದಕ್ಕೆ ತಕ್ಕ ಜಾಗ, ಅಲ್ಪ ಬಯಕೆ, ಇದ್ದುದರಲ್ಲಿ ತೃಪ್ತಿ, ಕೆಲಸಗಳ ಗಡಿಬಿಡಿಯಿಂದ ಬಿಡುಗಡೆ, ಶುದ್ಧ ಶೀಲ, ವಿಷಯಚಿಂತೆಯಿಂದ ದೂರ ಎಂಬ ಆರು ಅನುಕೂಲಗಳು ಬೇಕು, ಇದರರ್ಥ ದೀರ್ಘ ಏಕಾಂತ. ಮೂರನೆಯ ಅವಸ್ಥೆ ಗಟ್ಟಿಯಾದರೂ ದಿನನಿತ್ಯದ ಬದುಕಿನಲ್ಲಿ ಫಲ ಕಾಣುತ್ತದೆ: ಸಿಟ್ಟು ಬಾಯಿಗೆ ಬರುವ ಮೊದಲು ಅದು ಏಳುತ್ತಿರುವುದು ತಿಳಿಯುತ್ತದೆ. ಪ್ರಗತಿಯನ್ನು ಅಳೆಯಲು ಕೂತ ಹೊತ್ತಿಗಿಂತ ಇದು ನಂಬಲರ್ಹ.

## ಏಳುವಾಗ ಮತ್ತು ಉಳಿದ ದಿನ

ಅಲಾರಂ ಹೊಡೆದ ಕೂಡಲೇ ಫೋನ್ ಎತ್ತಬೇಡಿ. ಅರ್ಧ ನಿಮಿಷ ಹಾಗೆಯೇ ಇದ್ದು, ಕೈಬೆರಳು ಆಡಿಸಿ, ಕಾಲು ಬಿಚ್ಚಿ, ನಿಧಾನವಾಗಿ ಏಳಿ. ದಿನದಲ್ಲಿ ನಾಲ್ಕೈದು ಸಲ, ಬಸ್ ಕಾಯುವಾಗ, ಲಿಫ್ಟ್‌ನಲ್ಲಿ, ಹಾಲು ಉಕ್ಕುವವರೆಗೆ ಒಲೆ ಮುಂದೆ ನಿಂತಾಗ, ಮೂರೇ ಉಸಿರನ್ನು ತಾಗುವ ಜಾಗದಲ್ಲಿ ನೋಡಿ. ಬೈಠಕ್‌ನ ಕೆಲಸ ಮುರಿಯದೆ ಉಳಿಯುವುದು ಇದರಿಂದ.

ಬೌದ್ಧ ಪರಂಪರೆ ಶೀಲವನ್ನು ಸಮಾಧಿಗಿಂತ ಮೊದಲು ಇಟ್ಟಿರುವುದಕ್ಕೆ ಕೂತವರಿಗೆಲ್ಲ ಕಾಣುವ ಕಾರಣವಿದೆ. ಬೆಳಗ್ಗೆ ಆಡಿದ ಸುಳ್ಳು, ಯಾರನ್ನೋ ನೋಯಿಸಿದ ಮಾತು ಸಂಜೆ ಕಣ್ಣು ಮುಚ್ಚಿದ ಕೂಡಲೇ ಎದುರು ಬರುತ್ತದೆ. ಅದನ್ನು ಉಸಿರಿನಿಂದ ಅದುಮಲಾಗದು. ಎದ್ದು ಹೋಗಿ ಸರಿಪಡಿಸಿಕೊಂಡು ಬರುವುದೇ ವೇಗದ ದಾರಿ.

## ನಿಲ್ಲಿಸಬೇಕಾದ ಸೂಚನೆಗಳು

ಹುಬ್ಬುಗಳ ನಡುವೆ ಒತ್ತಡ, ಎದೆ ಬಿಗಿತ, ಸಣ್ಣದಕ್ಕೂ ಕಿರಿಕಿರಿ ಶುರುವಾದರೆ ನೀವು ಅತಿಯಾಗಿ ಒತ್ತುತ್ತಿದ್ದೀರಿ. ಟಿಬೆಟನ್ನರು ಇದನ್ನು ‘ಲುಂಗ್’, ಅಂದರೆ ವಾಯು ಕೆರಳಿದ ಲಕ್ಷಣ ಎನ್ನುತ್ತಾರೆ. ಬೈಠಕ್ ಅನ್ನು 5 ನಿಮಿಷಕ್ಕೆ ಇಳಿಸಿ, ಆಲಂಬನವನ್ನು ಹೊಕ್ಕುಳಿನ ಕೆಳಕ್ಕೆ ತನ್ನಿ, ಬಯಲಿನಲ್ಲಿ ನಡೆಯಿರಿ, ಹೊತ್ತಿಗೆ ಸರಿಯಾಗಿ ಉಂಡು ಮಲಗಿ. ಎದೆನೋವು ಹೋಗದಿದ್ದರೆ ಅದನ್ನು ಧ್ಯಾನದ ತಲೆಗೆ ಕಟ್ಟದೆ ವೈದ್ಯರಿಗೆ ತೋರಿಸಿ.

ಇನ್ನು ಕೆಲವು ಸೂಚನೆಗಳು ಬಂದರೆ ಅಭ್ಯಾಸವನ್ನು ಆ ದಿನವೇ ಬಿಡಬೇಕು: ಸತತವಾಗಿ ರಾತ್ರಿಗಳು ನಿದ್ದೆ ಬಾರದಿರುವುದು, ಸುತ್ತಲಿನದು ಅಥವಾ ತಾನೇ ನಿಜವಲ್ಲ ಎನ್ನಿಸುವುದು, ದನಿಗಳು ಕೇಳಿಸುವುದು, ಹಳೆಯ ಆಘಾತದ ದೃಶ್ಯಗಳು ತಡೆಯಿಲ್ಲದೆ ಮರುಕಳಿಸುವುದು, ಬದುಕು ಬೇಡ ಎನ್ನಿಸುವುದು. ‘ಕರ್ಮ ಹೊರಬರುತ್ತಿದೆ, ಇನ್ನೂ ಕೂರು’ ಎಂದು ಯಾರು ಹೇಳಿದರೂ ಕೇಳಬೇಡಿ. ಮನೋವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಮನೋರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರು ತಮ್ಮ ವೈದ್ಯರನ್ನು ಕೇಳದೆ ಶುರುಮಾಡಬಾರದು, ಮಾತ್ರೆಯನ್ನಂತೂ ಧ್ಯಾನದ ನೆಪದಲ್ಲಿ ನಿಲ್ಲಿಸಲೇಬಾರದು.

## ಗುರು ಯಾವಾಗ ಬೇಕು

ಮೊದಲ ನಾಲ್ಕು ಹಂತವನ್ನು ಮನೆಯಲ್ಲೇ ಮಾಡಬಹುದು. ಸೂಕ್ಷ್ಮ ಲಯಕ್ಕೆ ಬಂದಾಗ ಎದುರು ಕೂತು ಪ್ರಶ್ನೆ ಕೇಳುವವರೊಬ್ಬರು ಬೇಕು. ಕನ್ನಡ ನಾಡಿನಲ್ಲಿ ಇದಕ್ಕೆ ಕೊರತೆಯಿಲ್ಲ. ಬೈಲಕುಪ್ಪೆಯಲ್ಲಿ ಸೆರಾ ಮತ್ತು ನಾಮ್‌ಡ್ರೋಲಿಂಗ್, ಮುಂಡಗೋಡದಲ್ಲಿ ಡ್ರೆಪುಂಗ್ ಮತ್ತು ಗಾಂದೆನ್ ಎಂಬ ಟಿಬೆಟನ್ ವಿಹಾರಗಳಿವೆ. ಥೇರವಾದದ ಕಡೆಗೆ ಬೆಂಗಳೂರಿನ ಮಹಾಬೋಧಿ ಸೊಸೈಟಿ ಇದೆ. ವಿಪಶ್ಯನ ಗುರು ಎಸ್. ಎನ್. ಗೋಯೆಂಕಾ ಪರಂಪರೆಯ 10 ದಿನಗಳ ಶಿಬಿರಗಳಲ್ಲಿ ಮೊದಲ ಮೂರು ದಿನ ಆನಾಪಾನವನ್ನೇ ಮಾಡಿಸುತ್ತಾರೆ, ನಾಲ್ಕನೆಯ ದಿನದಿಂದ ವಿಪಶ್ಯನಕ್ಕೆ, ಅಂದರೆ ಮೈಯ ಸಂವೇದನೆಗಳನ್ನು ಗಮನಿಸುವ ಧ್ಯಾನಕ್ಕೆ, ಹೊರಳುತ್ತಾರೆ. ಹೋಗುವ ಮುನ್ನ ಮನೆಯಲ್ಲಿ ಎರಡು ಮೂರು ತಿಂಗಳು ದಿನವೂ ಕೂತಿದ್ದರೆ ಆ ದಿನಗಳು ಹೆಚ್ಚು ಫಲ ಕೊಡುತ್ತವೆ. ಎಲ್ಲಿಗೆ ಹೋದರೂ ಅಲ್ಲಿನ ವಿಧಾನವನ್ನೇ ಕನಿಷ್ಠ ಆರು ತಿಂಗಳು ಹಿಡಿಯಿರಿ. ಒಂದು ಕಡೆ ಮೂಗು, ಇನ್ನೊಂದು ಕಡೆ ಬಿಂಬ, ಮತ್ತೊಂದು ಕಡೆ ಮಂತ್ರ ಎಂದು ಬೆರೆಸಿದರೆ ಯಾವುದೂ ಬೇರೂರುವುದಿಲ್ಲ.

## ಅಭ್ಯಾಸ ತಪ್ಪಿಹೋದರೆ

ಒಂದು ದಿನ ತಪ್ಪಿದರೆ ಮರುದಿನ ಎಂದಿನಂತೆ ಕೂರಿ, ಎರಡರಷ್ಟು ಕೂತು ಸರಿದೂಗಿಸಲು ಹೋಗಬೇಡಿ. ವಾರ ತಪ್ಪಿದರೆ ಹಂತ 3ಕ್ಕೆ ಮರಳಿ, 10 ನಿಮಿಷ ಎಣಿಕೆ, ಮೂರು ದಿನ. ತಿಂಗಳುಗಟ್ಟಲೆ ಬಿಟ್ಟಿದ್ದರೆ ಹಂತ 1ರಿಂದಲೇ ಶುರುಮಾಡಿ, ದಿಂಬಿನ ಎತ್ತರವನ್ನೂ ಮತ್ತೆ ನೋಡಿಕೊಳ್ಳಿ. ಮೊದಲ ಸಲಕ್ಕೆ ಎಂಟು ವಾರ ಹಿಡಿದದ್ದು ಈ ಸಲ ಎರಡು ಮೂರು ವಾರಕ್ಕೇ ಕೈಗೆ ಬರಬಹುದು. ಬರದಿದ್ದರೂ ಹಳೆಯ 30 ನಿಮಿಷಕ್ಕೆ ನೇರವಾಗಿ ಹಾರಬೇಡಿ.